ಮಗುಚು

ತೊತೊನಿಕಪಾನಿನ ಮೇಲಿನ ಆ ಊರಿಗೆ
ನನ್ನನ್ನು ಹಾಕಿದಾಗ ಇಪ್ಪತ್ತಮೂರು ನನಗೆ.
ಬಿಳಿ ಕೋಟು, ಗ್ಲೌಸಿನ ಎರಡು ಡಬ್ಬ,
ಹೆರಿಗೆ ಮೇಜಿನ ಚಿತ್ರವಿದ್ದ ಒಂದು ಪುಸ್ತಕ.
ಚಿತ್ರದ ಹೆಂಗಸಿಗೆ ಮುಖ ಬರೆದಿರಲಿಲ್ಲ.
ಅಂಗಾತ ಮಲಗಿದ್ದಳು,
ಎರಡು ಕಾಲು ಎರಡು ಕಬ್ಬಿಣದ ಕೊಂಡಿಯಲ್ಲಿ.

ಮೇಜು ಮಾತ್ರ ಬರಲಿಲ್ಲ.
ಲಾರಿ ಕೆಳಗೆಲ್ಲೋ ಕೆಟ್ಟು ನಿಂತಿದೆ ಎಂದರು,
ಮುಂದಿನ ತಿಂಗಳು ಎಂದರು.

ಆ ರಾತ್ರಿ ತಾಲಿನಳ ಮನೆಯಲ್ಲಿ
ಒಂದು ಚಾಪೆ, ಪೈನ್ ಎಲೆ ಹರಡಿದ ನೆಲ,
ತೊಲೆಯಿಂದ ಇಳಿಬಿಟ್ಟ ಹಗ್ಗ.
ಸೂಲಗಿತ್ತಿ ದೋನ್ಯಾ ಶೆಪಾ ಮೂಲೆ ಹಿಡಿದು
ಕಾಫಿ ಕುಡಿಯುತ್ತಿದ್ದಳು, ನನ್ನ ಕೋಟಿಗೆ ಮರ್ಯಾದೆ ಕೊಟ್ಟು.
ಮಲಗು, ಎಂದೆ ನಾನು.
ತಾಲಿನ್ ಮಲಗಿದಳು. ಸರಕಾರದ ಮಾತು ಮೀರುವುದುಂಟೇ?

ತಲೆ ಬಂತು.
ಬಂದದ್ದು ನಿಂತಿತು.
ನಿಂತದ್ದು ಒಂದು ಬೆರಳಗಲ ಹಿಂದೆ ಸರಿಯಿತು,
ಹೊರಗೆ ಇಣುಕಿ ನೋಡಿ, ಬೇಡವೆನಿಸಿ
ಕದ ಎಳೆದುಕೊಂಡ ಹಾಗೆ.
ಕೆನ್ನೆ ಊದಿ ನೀಲಿಗಟ್ಟತೊಡಗಿತು.
ಭುಜ ಎಲುಬಿಗೆ ಸಿಕ್ಕಿಕೊಂಡಿದೆ.
ಪುಸ್ತಕದ ಆ ಪುಟ ನನಗೆ ಬಾಯಿಪಾಠ,
ಪುಟದ ಕೊನೆಯ ಸಾಲೂ:
ಡಾಕ್ಟರರನ್ನು ಕರೆಯಿರಿ.
ಡಾಕ್ಟರು ಎರಡೂವರೆ ಗಂಟೆ ಕೆಳಗೆ.

ಎಳೆಯಲೆಂದು ಕೈ ಹೋಯಿತು.
ಶೆಪಾ ನನ್ನ ಮಣಿಕಟ್ಟು ಹಿಡಿದಳು.
“ಗಡಿಯಾರ ಓದಲು ನನಗೆ ಬಾರದು.
ನೀನು ಓದು. ಗಟ್ಟಿಯಾಗಿ.”
ಒಂದು ನಿಮಿಷ, ಎಂದೆ.

ತಾಲಿನಳ ಕಿವಿಗೆ ಬಾಗಿ
ಕಿಚೆ ಮಾತಿನಲ್ಲಿ ಏನೋ ಅಂದಳು.
ಬೈಗುಳ ಅಂದುಕೊಂಡೆ. ಆಮೇಲೆ ಅವಳ ಗಂಡ
ಮಕಾರಿಯೊ ನನಗೆ ಅರ್ಥ ಬಿಡಿಸಿದ:
“ಮಗುಚಿಕೋ ಮಗಳೇ.
ಜೋಳ ಅರೆಯಲು ಕಲ್ಲಿನ ಮುಂದೆ ಹೇಗೆ ಬಗ್ಗುತ್ತೀಯೋ
ಹಾಗೆ ಬಗ್ಗು.
ಏಳು ವರ್ಷದವಳಿದ್ದಾಗಿನಿಂದ ಮಾಡಿದ್ದೀಯ, ಹೊಸದೇನಲ್ಲ.”

ಅರ್ಧ ಹುಟ್ಟಿದ ಮಗುವನ್ನು ತೊಡೆಸಂದಿಯಲ್ಲಿಟ್ಟುಕೊಂಡು
ಮಗುಚುವುದೆಂದರೆ!
ಮಕಾರಿಯೊ ಕಂಕುಳಿಗೆ ಕೈ ಕೊಟ್ಟ,
ಅತ್ತೆ ಸೊಂಟ ಹಿಡಿದಳು,
ನಾನು ಮಂಡಿ ಹಿಡಿದೆ, ತಪ್ಪು ಮಂಡಿ.
ಶೆಪಾ ಅಂಗೈ ಎರಡನ್ನೂ ಬೋಗುಣಿ ಮಾಡಿ
ಆ ಪುಟ್ಟ ತಲೆಯ ಜೊತೆಗೇ
ತಾನೂ ಸುತ್ತಿ ಬಂದಳು.
ಎರಡು ನಿಮಿಷ.

ಈಗ ಅಂಗೈ ಊರಿ, ಮಂಡಿ ಊರಿ,
ಹೊಟ್ಟೆ ನೆಲದ ಕಡೆಗೆ ಜೋತುಬಿಟ್ಟು
ತಾಲಿನ್ ಒಂದು ಉದ್ದ ಉಸಿರು ಎಳೆದಳು.
ಒಳಗೆ ಏನೋ ಸಡಿಲಾಯಿತು.
ಕಂಡೆನೆಂದು ಹೇಳಲಾರೆ, ಮೂಳೆ ಸರಿಯುವುದು
ಕಣ್ಣಿಗೆ ಬೀಳುವುದಿಲ್ಲ.
ಆದರೆ ಮಳೆಗಾಲಕ್ಕೆ ಉಬ್ಬಿದ ಬಾಗಿಲಿನ ಜೊತೆ
ಗುದ್ದಾಡಿದವರಿಗೆ ಗೊತ್ತು:
ತುಸು ಎತ್ತಿ ಹಿಡಿದರೆ
ಅದೇ ಬಾಗಿಲು, ಅದೇ ಚೌಕಟ್ಟು,
ದಾರಿ ಬಿಡುತ್ತದೆ.

ಕೆಳಗಿದ್ದ ಭುಜ ಈಗ ಮೇಲಿತ್ತು.
ಅದೇ ಮೊದಲು ಬಂತು.
ಹಿಂದೆಯೇ ತೋಳು, ಆಮೇಲೆ ಒಮ್ಮೆಲೇ ಎಲ್ಲ,
ನೀರು, ನೆತ್ತರು, ಹೆಣ್ಣುಮಗು.
ಮೂರು, ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.
ಅಳು ಇಲ್ಲ.
ಶೆಪಾ ಬೆನ್ನು ಉಜ್ಜಿದಳು, ಒರಟಾಗಿ,
ಬಟ್ಟೆ ಒಗೆಯುವ ಕೈ.
ಆಮೇಲೆ ಅಳು.
ತಕ್ಕಡಿ ನನ್ನದು: ಹತ್ತು ಪೌಂಡು, ಎರಡು ಔನ್ಸು.
ಎರಡೂ ತೋಳು ಆಡಿಸಿ ನೋಡಿದೆ. ಆಡಿದವು.

“ಹೀಗೆ ಮಾಡಿದರೆ ಪ್ರತಿಸಲ ಬರುತ್ತದಾ?”
ಬೆಳಗಿನ ಜಾವ ಕೇಳಿದೆ.
“ಎರಡು ಸಲ ಬರಲಿಲ್ಲ,” ಎಂದಳು
ಕಾಫಿ ಬಟ್ಟಲು ತೊಳೆಯುತ್ತಾ.
ಆ ಎರಡರ ಹೆಸರನ್ನೂ ಹೇಳಿದಳು.

ಫಾರಮ್ಮಿನಲ್ಲಿ ಭಂಗಿಗೆ ಜಾಗವಿರಲಿಲ್ಲ.
ಜೋಳ ಅರೆಯುವ ಹಾಗೆ, ಎಂದು ಅಂಚಿನಲ್ಲಿ ಬರೆದೆ.
ಜಿಲ್ಲಾ ಕಚೇರಿಯಿಂದ ಅದು ಹಿಂತಿರುಗಿದಾಗ
ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ.
ಮೇಜೂ ಜೂನಿನಲ್ಲಿ ಬಂತು.
ಲಸಿಕೆ ಡಬ್ಬ ಇಡಲು ಅನುಕೂಲವಾಗಿದೆ.

ಅವತ್ತು ನನ್ನ ಕೋಣೆಗೆ ಬಂದವಳೇ
ಕದ ಹಾಕಿ, ಕೋಟು ಬಿಚ್ಚಿ,
ನೆಲಕ್ಕೆ ಕೈ ಊರಿ ಮಂಡಿಯೂರಿ ನೋಡಿದೆ.
ಹೊಟ್ಟೆಯಲ್ಲಿ ಯಾರೂ ಇರಲಿಲ್ಲ,
ರಾತ್ರಿಯ ಊಟ ಕೂಡ.
ಸಿಮೆಂಟು ತಣ್ಣಗಿತ್ತು.
ಬೆನ್ನು ತನ್ನಷ್ಟಕ್ಕೇ ಉದ್ದವಾಯಿತು.